ಪಾಠಕ್ಕೆ ಚಾಟ್‌ಬಾಟ್ ಬಳಸಿದೆ, ‘ವಸಂತ ಉಬ್ಬರ’ದಲ್ಲಿ ಸಿಕ್ಕಿಬಿದ್ದೆ. ಮಕ್ಕಳಿಗೆ ಹೇಳಬೇಕೇ?

ಕುಮಟೆಯ ಅಕ್ಕೋರು · ಭಾನುವಾರ, ರಾತ್ರಿ 9:50

ಕುಮಟಾ ತಾಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಊರು ಕೇಳಬೇಡಿ. ಗುರುತು ಹಿಡಿದವರು ದಯವಿಟ್ಟು ಸುಮ್ಮನಿರಿ.

ಸಮಾಜ ವಿಜ್ಞಾನದ ಮಾಸ್ತರು ರಜೆಯ ಮೇಲಿದ್ದಾರೆ. ಅವರ ಭೂಗೋಳದ ಪಾಠವೂ ನನ್ನ ಹೆಗಲಿಗೆ ಬಂದಿದೆ. ಬುಧವಾರ ರಾತ್ರಿ ಹತ್ತು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಉಬ್ಬರ–ಇಳಿತದ ಬಗ್ಗೆ ಎರಡು ಪುಟದ ಅಭ್ಯಾಸ ಹಾಳೆ ಮಾಡಿಕೊಡು ಎಂದು ಚಾಟ್‌ಬಾಟ್‌ಗೆ ಹೇಳಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಚಂದದ ಕನ್ನಡ, ಬಿಟ್ಟ ಸ್ಥಳ, ಹೊಂದಿಸಿ ಬರೆಯಿರಿ, ಎಲ್ಲವೂ ಇತ್ತು. ಕಣ್ಣಾಡಿಸಿದೆ, ಮರುದಿನ 38 ಪ್ರತಿ ತೆಗೆಸಿ ಹಂಚಿದೆ. ನಾಲ್ಕನೆಯ ಸಾಲು ಹೀಗಿತ್ತು: ‘ವಸಂತ ಋತುವಿನಲ್ಲಿ ಸಮುದ್ರದ ನೀರು ಹೆಚ್ಚು ಏರುವುದನ್ನು ವಸಂತ ಉಬ್ಬರ ಎನ್ನುತ್ತಾರೆ.’

ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅಘನಾಶಿನಿಯ ದಂಡೆಯ ಮನೆ, ತಾಯಿ ಇಳಿತದ ಹೊತ್ತಿಗೆ ಬಳಚು (ತಿನ್ನುವ ಚಿಪ್ಪು) ಆರಿಸಲು ಹೋಗುತ್ತಾರೆ. ‘ಅಕ್ಕೋರೆ, ದೊಡ್ಡ ಭರತಿ ಬರುವುದು ಹುಣ್ಣಿಮೆಗೆ, ಅಮಾವಾಸ್ಯೆಗೆ. ಅದಕ್ಕೆ ಋತು ಯಾಕೆ?’ ಎಂದ.

ಇಂಗ್ಲಿಷಿನಲ್ಲಿ ಅದನ್ನು ‘ಸ್ಪ್ರಿಂಗ್ ಟೈಡ್’ ಎನ್ನುತ್ತಾರೆ. ಅಲ್ಲಿ ಸ್ಪ್ರಿಂಗ್ ಎಂದರೆ ಚಿಮ್ಮುವುದು, ಋತುವಲ್ಲ. ಯಂತ್ರ ಅದನ್ನು ವಸಂತ ಮಾಡಿತ್ತು, ಸಾಲದ್ದಕ್ಕೆ ಒಂದು ವಿವರಣೆಯನ್ನೂ ಹೊಸೆದಿತ್ತು. ನನಗೆ ಆ ಕ್ಷಣದಲ್ಲಿ ಎಲ್ಲವೂ ಹೊಳೆಯಿತು. ಆದರೆ ಬಾಯಿಂದ ಬಂದ ಮಾತು, ‘ಅದು ಮುದ್ರಣ ದೋಷ, ತಿದ್ದಿಕೊಳ್ಳಿ.’ 38 ಮಕ್ಕಳೂ ತಲೆ ತಗ್ಗಿಸಿ ಆ ಸಾಲನ್ನು ಹೊಡೆದುಹಾಕಿದರು. ಆ ಹುಡುಗನೂ.

ಮೂರು ದಿನವಾಯಿತು, ಮನಸ್ಸು ಸರಿಯಿಲ್ಲ. ಜುಲೈಯಿಂದ ಕಿರುಪರೀಕ್ಷೆಯ ಪ್ರಶ್ನೆಗಳಿಗೂ ಅದನ್ನೇ ಬಳಸುತ್ತಿದ್ದೇನೆ. ಇಲ್ಲಿ ಶಿಕ್ಷಕರು, ಪಾಲಕರು ಬಹಳ ಜನರಿದ್ದೀರಿ. ಹಾಳೆ ಯಂತ್ರ ಮಾಡಿದ್ದು ಎಂದು ಮಕ್ಕಳಿಗೆ ಹೇಳಬೇಕೇ? ಹೇಳಿದರೆ ನಾಳೆ ನನ್ನ ಯಾವ ಮಾತನ್ನು ಅವರು ನಂಬುತ್ತಾರೆ?

ನಿವೃತ್ತ ಮಾಸ್ತರ · ರಾತ್ರಿ 10:05

ಹೇಳಬೇಕು. ಇದರಲ್ಲಿ ಕೇಳುವುದೇನಿದೆ?

ಸುಮ್ಮನೆ ಓದುವವ · ರಾತ್ರಿ 10:07

ಹೇಳಬೇಡಿ. ಗೈಡ್ ನೋಡಿ ಪಾಠ ಮಾಡಿದವರು ಯಾರಾದರೂ ಹೇಳಿದ್ದುಂಟೇ?

ಗಜನಿ ಗದ್ದೆ · ರಾತ್ರಿ 10:20

ಹುಡುಗನಿಗೆ ನನ್ನದೊಂದು ನಮಸ್ಕಾರ. ದೊಡ್ಡ ಭರತಿ ಬರುವುದು ಹುಣ್ಣಿಮೆ, ಅಮಾವಾಸ್ಯೆಯ ದಿನವೇ ಅಲ್ಲ, ಒಂದೆರಡು ದಿನ ಕಳೆದು. ಅಷ್ಟಮಿಯ ಸುಮಾರಿಗೆ ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ದಿನಕ್ಕೆ ಎರಡು ಸಲ ಭರತಿ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ಬಳಚಿಗೆ ಹೋಗುವ ಹೆಂಗಸರು ಗಡಿಯಾರಕ್ಕಿಂತ ಪಂಚಾಂಗ ನೋಡುವುದು ಇದಕ್ಕೇ. ನಿಮ್ಮ ತರಗತಿಯಲ್ಲಿ ಈ ಪಾಠಕ್ಕೆ ಅಭ್ಯಾಸ ಹಾಳೆಯೇ ಬೇಕಿರಲಿಲ್ಲ, ಆ ಹುಡುಗನನ್ನೇ ಮುಂದೆ ನಿಲ್ಲಿಸಿದ್ದರೆ ಸಾಕಿತ್ತು.

ಯಲ್ಲಾಪುರ–ಬೆಂಗಳೂರು · ರಾತ್ರಿ 10:41

ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಸ್ವಲ್ಪ ವಿವರಿಸುತ್ತೇನೆ. ಈ ಯಂತ್ರಕ್ಕೆ ಸಮುದ್ರ ಗೊತ್ತಿಲ್ಲ, ಪದಗಳ ಸಹವಾಸ ಗೊತ್ತು. ಇಷ್ಟು ಬರೆದ ಮೇಲೆ ಮುಂದೆ ಯಾವ ಪದದ ತುಣುಕು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ಒಂದೊಂದೇ ತುಣುಕನ್ನು ಪೋಣಿಸುತ್ತದೆ. ಅದು ಓದಿಕೊಂಡು ಬಂದಿರುವುದರಲ್ಲಿ ಇಂಗ್ಲಿಷ್ ಸಾಗರದಷ್ಟು, ಕನ್ನಡ ಕೊಡದಷ್ಟು. ಹಾಗಾಗಿ ಕನ್ನಡದಲ್ಲಿ ಉತ್ತರ ಕೊಡುವಾಗಲೂ ಒಳಗೆ ಇಂಗ್ಲಿಷಿನ ಜಾಡು ಇರುತ್ತದೆ. ಅಲ್ಲಿಂದಲೇ ವಸಂತ ಬಂದಿದ್ದು. ಅದು ಅಂತರ್ಜಾಲದಲ್ಲಿ ಹುಡುಕಿ ಹೇಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ.

ಇನ್ನೊಂದು ಸಲ ಹೀಗೆ ಮಾಡಿ. ಪಠ್ಯಪುಸ್ತಕದ ಆ ಪುಟವನ್ನು ಕೊಟ್ಟು, ‘ಇದರಲ್ಲಿ ಇರುವುದನ್ನು ಮಾತ್ರ ಬಳಸಿ ಪ್ರಶ್ನೆ ಮಾಡು’ ಎನ್ನಿ. ತಪ್ಪು ಬಹಳಷ್ಟು ಕಡಿಮೆಯಾಗುತ್ತದೆ.

ಲೆಕ್ಕದ ಮೇಡಂ · ರಾತ್ರಿ 10:52

‘ಹುಡುಕಿ ಹೇಳುವುದಿಲ್ಲ’ ಎಂಬ ಮಾತು ಹಳೆಯದಾಯಿತು. ಈಗ ಹಲವು ಬಾಟ್‌ಗಳು ಅಗತ್ಯ ಬಿದ್ದಾಗ ಜಾಲದಲ್ಲಿ ಹುಡುಕುತ್ತವೆ. ಹುಡುಕಿ ತಂದದ್ದನ್ನೂ ತಪ್ಪಾಗಿ ಸಾರಾಂಶ ಮಾಡುತ್ತವೆ ಎಂಬುದು ಬೇರೆ ಮಾತು.

ಯಲ್ಲಾಪುರ–ಬೆಂಗಳೂರು · ರಾತ್ರಿ 10:55

ಒಪ್ಪಿದೆ. ಹುಡುಕುವ ಸೌಲಭ್ಯ ಆನ್ ಆಗಿದ್ದರೆ.

ಅಡಿಕೆ ಕೊನೆ · ರಾತ್ರಿ 11:10

ಶಿರಸಿಯಿಂದ ಬರೆಯುತ್ತಿದ್ದೇನೆ. ಪೇಟೆಯಿಂದ ಮೂವತ್ತು ಕಿಲೋಮೀಟರ್ ದೂರ. ಮನೆಯ ಹಿಂದಿನ ಗುಡ್ಡ ಹತ್ತಿದರೆ ಎರಡು ಗೆರೆ ನೆಟ್‌ವರ್ಕ್ ಬರುತ್ತದೆ, ಅದೂ ಮಳೆ ಇಲ್ಲದಿದ್ದರೆ. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠ ಕೇಳಿದ್ದು ಆ ಗುಡ್ಡದ ಮೇಲೆ, ಕಂಬಳಿ ಕೊಪ್ಪೆ ಹೊದ್ದು, ಜಿಗಣೆ ಕಿತ್ತುಕೊಳ್ಳುತ್ತ. ನೀವು ಕೃತಕ ಬುದ್ಧಿಮತ್ತೆಯ ಮಾತಾಡುತ್ತಿದ್ದೀರಿ. ನಮಗೆ ಮೊದಲು ಕೃತಕವಲ್ಲದ ಒಂದು ಟವರ್ ಕೊಡಿಸಿ.

ಸುಮ್ಮನೆ ಓದುವವ · ರಾತ್ರಿ 11:12

ಕುಮಟಾ–ಶಿರಸಿ ರಸ್ತೆಯ ಕೆಲಸ ಯಾವಾಗ ಮುಗಿಯುತ್ತದೆ ಎಂದು ಬಾಟ್‌ಗೆ ಕೇಳಿದ್ದೇನೆ. ಇನ್ನೂ ಯೋಚಿಸುತ್ತಿದೆ.

ಅಡಿಕೆ ಕೊನೆ · ರಾತ್ರಿ 11:13

ದೇವಿಮನೆ ಘಟ್ಟದಲ್ಲಿ ಸಿಕ್ಕಿಹಾಕಿಕೊಂಡಿರಬೇಕು.

ಜೋಯಿಡಾದ ಒಂಟಿ ಮಾಸ್ತರ · ಸೋಮವಾರ, ಬೆಳಿಗ್ಗೆ 6:15

ಎಲ್ಲರೂ ಬೈಯುವ ಮೊದಲು ನನ್ನ ಕಡೆಯ ಮಾತನ್ನೂ ಕೇಳಿ. ಕಾಡಿನೊಳಗಿನ ಶಾಲೆ, ಒಂದರಿಂದ ಐದನೆಯ ತರಗತಿವರೆಗೆ 14 ಮಕ್ಕಳು, ಶಿಕ್ಷಕ ನಾನೊಬ್ಬನೇ. ಒಂದರಿಂದ ಮೂರನೆಯವರೆಗೆ ನಲಿ–ಕಲಿ ಇದೆ. ಅದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದೇ ಇಂಥ ಶಾಲೆಗಳಿಗಾಗಿ: ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯಲಿ ಎಂದು. ಕಾರ್ಡುಗಳು ಸವೆದಿವೆ. ನಾಲ್ಕು, ಐದನೆಯವರಿಗೆ ಅದೂ ಇಲ್ಲ.

ಶನಿವಾರ ಪೇಟೆಗೆ ಇಳಿದಾಗ ಒಂದು ವಾರದ ಕೆಲಸವನ್ನು ಬಾಟ್‌ನಿಂದ ಮಾಡಿಸಿಕೊಂಡು ಬರುತ್ತೇನೆ. ಒಂದೇ ಕಥೆ, ಮೂರು ಮಟ್ಟದಲ್ಲಿ. ಮೊದಲನೆಯದು ಒತ್ತಕ್ಷರವೇ ಇಲ್ಲದ ಐದು ಸಾಲು, ಎರಡನೆಯದು ಹತ್ತು ಸಾಲು, ಮೂರನೆಯದು ಒಂದು ಪುಟ. ಒತ್ತಕ್ಷರ ಇಲ್ಲದೆ ಬರೆ ಎಂದರೆ ಮೊದಲ ಸಲ ‘ಅಮ್ಮ’ ಎಂದೇ ಶುರುಮಾಡಿತು. ‘ಮ್ಮ’ ಒತ್ತಕ್ಷರವಲ್ಲವೇ ಎಂದರೆ ಕ್ಷಮೆ ಕೇಳಿ ‘ಅಪ್ಪ’ ಎಂದು ಬರೆಯಿತು. ನಾಲ್ಕನೆಯ ಪ್ರಯತ್ನಕ್ಕೆ ‘ಕಮಲ ಮರದ ಕೆಳಗೆ ಆಡಿದಳು’ ಬಂತು. ಬೇಜಾರಿಲ್ಲ. ನಾನೊಬ್ಬನೇ ಕುಳಿತು ಬರೆದರೆ ಇಡೀ ಭಾನುವಾರ ಹೋಗುತ್ತದೆ, ಈಗ ಒಂದೂವರೆ ಗಂಟೆ ಸಾಕು.

ತರಗತಿಯೊಳಗೆ ಮೊಬೈಲ್ ಹೊರಗೆ ತೆಗೆಯುವುದಿಲ್ಲ. ನೆಟ್‌ವರ್ಕ್ ಇಲ್ಲ ಎನ್ನುವುದೂ ಒಂದು ಕಾರಣ. ಇದ್ದರೂ ತೆಗೆಯುತ್ತಿರಲಿಲ್ಲ.

ಕುಮಟೆಯ ಅಕ್ಕೋರು · ಬೆಳಿಗ್ಗೆ 6:40

ಸರ್, ‘ಅಪ್ಪ’ ಓದಿ ಚಹಾ ಚೆಲ್ಲಿಕೊಂಡೆ.

ಕಾಳಿ ದಂಡೆ · ಬೆಳಿಗ್ಗೆ 8:02

ಕಾರವಾರದಲ್ಲಿ ಇನ್ನೊಂದು ಪದರವಿದೆ. ನಮ್ಮ ಮಕ್ಕಳಲ್ಲಿ ಬಹಳ ಜನರ ಮನೆಮಾತು ಕೊಂಕಣಿ. ಭರತಿಗೆ ಭರತಿಯೇ, ಇಳಿತಕ್ಕೆ ಸುಕತಿ. ಪುಸ್ತಕದ ‘ಇಳಿತ’ ಎಂಬ ಪದ ಒಂದನೆಯ ದಿನ ಅವರಿಗೆ ಅರ್ಥವಾಗುವುದಿಲ್ಲ, ಸುಕತಿ ಎಂದರೆ ಕಣ್ಣು ಅರಳುತ್ತದೆ. ಹೀಗಾಗಿ ಪಾಠದ ಮುಖ್ಯ ಪದಗಳಿಗೆ ಕೊಂಕಣಿ ಕೊಡು ಎಂದು ಬಾಟ್‌ಗೆ ಕೇಳಿದೆ. ಅದು ದೇವನಾಗರಿಯಲ್ಲಿ ಬರೆದುಕೊಟ್ಟಿತು. ಕನ್ನಡ ಲಿಪಿಯಲ್ಲಿ ಕೊಡು ಎಂದರೆ ಅರ್ಧ ಮರಾಠಿ ಪದ ಹಾಕಿತು. ನಮ್ಮ ಮೀನು ಮಾರುಕಟ್ಟೆಯ ಕೊಂಕಣಿ ಅದರ ಕಿವಿಗೆ ಬಿದ್ದೇ ಇಲ್ಲ.

ಕೊನೆಗೆ ಮಕ್ಕಳಿಂದಲೇ ಪಟ್ಟಿ ಮಾಡಿಸಿದೆ. ಬಾಟ್ ಕೊಟ್ಟ ಪಟ್ಟಿಯನ್ನು ಕರಿಹಲಗೆಯ ಎಡಕ್ಕೆ ಬರೆದೆ, ‘ನಿಮ್ಮ ಅಜ್ಜಿ ಹೀಗೆ ಹೇಳುತ್ತಾರೆಯೇ?’ ಎಂದು ಕೇಳುತ್ತ ಬಲಕ್ಕೆ ಮಕ್ಕಳದ್ದನ್ನು ಬರೆದೆ. ನಲವತ್ತು ನಿಮಿಷದ ಅವಧಿ ಮುಗಿದದ್ದೇ ತಿಳಿಯಲಿಲ್ಲ, ಅಷ್ಟು ನಗು. ಎಡಗಡೆಯದು ಯಂತ್ರದ್ದು ಎಂದು ಮೊದಲೇ ಹೇಳಿದ್ದೆ, ಯಾರೂ ನನ್ನನ್ನು ಕಡಿಮೆ ನಂಬಲಿಲ್ಲ. ಅಕ್ಕೋರೆ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು.

ಅಂಕೋಲೆಯ ಅಮ್ಮ · ಬೆಳಿಗ್ಗೆ 9:30

ಶಿಕ್ಷಕರ ಮಾತಾಯಿತು, ಪಾಲಕರದ್ದನ್ನೂ ಕೇಳಿ. ಮಗಳಿಗೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಪ್ರಬಂಧ ಬರೆದುಕೊಂಡು ಬರಲು ಹೇಳಿದ್ದರು. ಅವಳು ನನ್ನ ಮೊಬೈಲಿನಲ್ಲಿ ಕೇಳಿ ಬರೆದುಕೊಂಡಿದ್ದಳು. ಅದರಲ್ಲಿ ಗಾಂಧೀಜಿ ಖುದ್ದಾಗಿ ಬಂದು ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ಎತ್ತಿದರು ಎಂದಿತ್ತು! 1930ರ ಏಪ್ರಿಲ್‌ನಲ್ಲಿ ಗಾಂಧೀಜಿ ಗುಜರಾತಿನ ದಂಡಿಯ ಕಡೆ ಇದ್ದರು. ಇಲ್ಲಿ ಮುಂದೆ ನಿಂತವರು ಎಂ.ಪಿ. ನಾಡಕರ್ಣಿಯವರು. ನನ್ನ ಅಜ್ಜ ಇದನ್ನು ಹೇಳಿ ಹೇಳಿ ನಮಗೆ ಬಾಯಿಪಾಠವಾಗಿದೆ. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರ ಮೊಮ್ಮಕ್ಕಳ ಊರಿದು. ಅವರೆಲ್ಲರನ್ನು ಒಂದೇ ಸಾಲಿನಲ್ಲಿ ಅಳಿಸಿ ಗಾಂಧೀಜಿಯನ್ನು ತಂದು ನಿಲ್ಲಿಸಿತ್ತು.

ಶಾಲೆಯಲ್ಲಿ ಆ ಪ್ರಬಂಧಕ್ಕೆ ‘ಉತ್ತಮ’ ಎಂದು ಸಹಿ ಹಾಕಿ ಕಳಿಸಿದ್ದಾರೆ. ಮಗಳು ಯಂತ್ರದಿಂದ ಬರೆದಳು, ಶಿಕ್ಷಕರು ಓದದೆ ಸಹಿ ಹಾಕಿದರು. ಹಾಗಾದರೆ ಈ ಪ್ರಬಂಧವನ್ನು ಯಾರು ಬರೆದರು, ಯಾರು ಓದಿದರು?

ಸುಮ್ಮನೆ ಓದುವವ · ಬೆಳಿಗ್ಗೆ 9:41

ಓದಿದ್ದು ನೀವೊಬ್ಬರೇ.

ನಿವೃತ್ತ ಮಾಸ್ತರ · ಬೆಳಿಗ್ಗೆ 11:00

ನಿನ್ನೆ ಒಂದೇ ಸಾಲು ಬರೆದು ಮಲಗಿದೆ, ಈಗ ಉಳಿದದ್ದು. 1980ರ ಸುಮಾರಿಗೆ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಸಿದ್ದಾಪುರ ತಾಲೂಕಿನಲ್ಲಿ. ಜೋಗ ಜಲಪಾತ ಶಿವಮೊಗ್ಗ ಜಿಲ್ಲೆಯಲ್ಲಿದೆ ಎಂದು ಪಾಠ ಮಾಡಿದೆ. ಗೈಡಿನಲ್ಲಿ ಹಾಗೆಯೇ ಇತ್ತು. ಒಬ್ಬ ಹುಡುಗಿ, ‘ಮಾಸ್ತರೇ, ನಮ್ಮ ಮನೆಯ ಕಡೆಯಿಂದಲೂ ಜೋಗ ಕಾಣುತ್ತದೆ. ಹೊಳೆಯ ಈಚೆ ದಡ ನಮ್ಮ ತಾಲೂಕು’ ಎಂದಳು. ಸರಿಯಾಗಿಯೇ ಹೇಳಿದ್ದಳು. ಶರಾವತಿಯ ಒಂದು ದಡ ಸಾಗರ ತಾಲೂಕು, ಇನ್ನೊಂದು ಸಿದ್ದಾಪುರ. ನಾನು ಮಾಡಿದ್ದೇನು ಗೊತ್ತೇ? ಎದುರುತ್ತರ ಕೊಟ್ಟಳೆಂದು ಅವಧಿ ಮುಗಿಯುವವರೆಗೆ ನಿಲ್ಲಿಸಿದೆ.

ಆಕೆಗೆ ಈಗ ಮೊಮ್ಮಕ್ಕಳಿರಬಹುದು. ನಾನು ಇನ್ನೂ ಅವಳನ್ನು ಆ ಬೆಂಚಿನ ಪಕ್ಕದಲ್ಲಿ ನಿಂತಂತೆಯೇ ಕಾಣುತ್ತೇನೆ. ನೀವು ನಿಲ್ಲಿಸಲಿಲ್ಲ, ಮುದ್ರಣ ದೋಷ ಎಂದಿರಿ. ನನಗಿಂತ ಎಷ್ಟೋ ಮೇಲು. ಆದರೂ ಹೇಳಿ.

ಅಡಿಕೆ ಕೊನೆ · ಬೆಳಿಗ್ಗೆ 11:20

ಜೋಗ ನಮ್ಮದೇ ಎಂದು ಒಬ್ಬರಾದರೂ ಬರೆದರಲ್ಲ. ಧನ್ಯವಾದ.

ಸಾಗರದ ಕಡೆಯವ · ಬೆಳಿಗ್ಗೆ 11:26

ನಿಮ್ಮದು ನೋಡುವ ಜಾಗ, ನಮ್ಮದು ಬಸ್ ನಿಲ್ಲುವ ಜಾಗ.

ಅಡಿಕೆ ಕೊನೆ · ಬೆಳಿಗ್ಗೆ 11:28

ಬಿದ್ದ ನೀರು ಹೊನ್ನಾವರಕ್ಕೇ ಬರುತ್ತದೆ, ಬಸ್ ನೀವೇ ಇಟ್ಟುಕೊಳ್ಳಿ.

ಲೆಕ್ಕದ ಮೇಡಂ · ಮಧ್ಯಾಹ್ನ 1:15

ವಿಷಯಕ್ಕೆ ಬರೋಣ. ಶಿಕ್ಷಕರು ಬಳಸುವುದು ಬೇರೆ, ಮಕ್ಕಳ ಕೈಗೆ ಕೊಡುವುದು ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದೀರಿ.

ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಇನ್ನೊಂದಕ್ಕೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಬಾಟ್. ಮೂರನೆಯ ಗುಂಪಿಗೆ ಬರೀ ಪುಸ್ತಕ. ಅಭ್ಯಾಸದ ಹೊತ್ತಿನಲ್ಲಿ ಸಾಮಾನ್ಯ ಬಾಟ್ ಇದ್ದವರು ಪುಸ್ತಕದವರಿಗಿಂತ 48 ಪ್ರತಿಶತ ಮುಂದೆ, ಸುಳಿವಿನ ಬಾಟ್ ಇದ್ದವರು 127 ಪ್ರತಿಶತ ಮುಂದೆ. ಆಮೇಲೆ ಎಲ್ಲವನ್ನೂ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಸಾಮಾನ್ಯ ಬಾಟ್‌ನವರು ಪುಸ್ತಕದವರಿಗಿಂತ 17 ಪ್ರತಿಶತ ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಆ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ, ಲಾಭವೂ ಆಗಲಿಲ್ಲ.

ಶಿರಸಿಯ ನನ್ನ ಪಿಯು ತರಗತಿಯಲ್ಲಿ ನಾನು ಇದನ್ನೇ ಕಣ್ಣಾರೆ ಕಾಣುತ್ತಿದ್ದೇನೆ. ಮನೆಗೆಲಸದಲ್ಲಿ ಸಮಾಕಲನ (ಇಂಟಿಗ್ರೇಷನ್) ಎಲ್ಲರದ್ದೂ ಸರಿ, ಹಂತ ಹಂತವಾಗಿ, ಒಂದೇ ಥರ. ಕರಿಹಲಗೆಯ ಮುಂದೆ ಕರೆದರೆ ಸೀಮೆಸುಣ್ಣ ಹಿಡಿದು ನನ್ನ ಮುಖ ನೋಡುತ್ತಾರೆ.

ಯಲ್ಲಾಪುರ–ಬೆಂಗಳೂರು · ಮಧ್ಯಾಹ್ನ 1:40

ಸುಳಿವಿನ ಬಾಟ್ ತಾನಾಗಿಯೇ ಒಳ್ಳೆಯದಾಗಿರಲಿಲ್ಲ ಎಂಬುದನ್ನೂ ಹೇಳಿ, ಮೇಡಂ. ಪ್ರತಿ ಲೆಕ್ಕಕ್ಕೂ ಸರಿಯುತ್ತರ ಏನು, ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಸುಳಿವು ಕೊಡಬೇಕು ಎಂದು ಶಿಕ್ಷಕರೇ ಅದಕ್ಕೆ ಮೊದಲು ಬರೆದುಕೊಟ್ಟಿದ್ದರು.

ಲೆಕ್ಕದ ಮೇಡಂ · ಮಧ್ಯಾಹ್ನ 1:44

ಅದನ್ನೇ ಹೇಳಲು ಹೊರಟಿದ್ದೆ, ಗಂಟೆ ಹೊಡೆಯಿತು.

ಚಂಡೆ–ಮದ್ದಳೆ · ಮಧ್ಯಾಹ್ನ 3:05

ಹೊನ್ನಾವರದಿಂದ ಒಂದು ದೂರು. ನನ್ನ ಮಗ ಒಂಬತ್ತನೆಯ ತರಗತಿ. ಏಳನೆಯ ವಯಸ್ಸಿನಿಂದ ಮೇಳದವರ ಜೊತೆ ತಿರುಗಿ, ತಾಳಮದ್ದಳೆ ಕೇಳಿ ಬೆಳೆದವನು. ಅವನು ಬರೆದರೆ ‘ಆದುದರಿಂದ’, ‘ಅಂತಿರಲಾಗಿ’ ಎಂದೇ ಬರುತ್ತದೆ. ಕನ್ನಡ ಪ್ರಬಂಧ ಬರೆದುಕೊಂಡು ಹೋದ. ಶಾಲೆಯಲ್ಲಿ, ಹೆಸರು ಬೇಡ, ‘ಇಷ್ಟು ಶುದ್ಧ ಕನ್ನಡ ನೀನು ಬರೆಯಲು ಸಾಧ್ಯವಿಲ್ಲ, ಯಂತ್ರದಿಂದ ಬರೆಸಿದ್ದೀಯ’ ಎಂದರಂತೆ. ಯಾವುದೋ ಪತ್ತೆ ಮಾಡುವ ಆ್ಯಪ್‌ಗೆ ಹಾಕಿ ನೋಡಿದರಂತೆ, ಅದೂ ‘ಯಂತ್ರದ್ದು’ ಎಂದಿತಂತೆ. ಹುಡುಗ ಮನೆಗೆ ಬಂದು ಊಟ ಮಾಡಲಿಲ್ಲ.

ಮರುದಿನ ನಾನೇ ಹೋದೆ. ‘ವಿಷಯ ಕೊಡಿ, ಇಲ್ಲೇ ಮಾತಾಡುತ್ತಾನೆ’ ಎಂದೆ. ಮಳೆಗಾಲ ಎಂದು ವಿಷಯ ಕೊಟ್ಟರು. ಆರು ನಿಮಿಷ ನಿಲ್ಲದೆ ಮಾತಾಡಿದ. ಕೊನೆಗೆ ಅವರೇ ‘ಸಾಕಪ್ಪ’ ಎಂದರು.

ಯಲ್ಲಾಪುರ–ಬೆಂಗಳೂರು · ಮಧ್ಯಾಹ್ನ 3:20

ಆ ಪತ್ತೆದಾರಿ ಆ್ಯಪ್‌ಗಳನ್ನು ನಂಬಲೇಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರಲ್ಲಿ ಅಂಥದ್ದೊಂದನ್ನು ಬಿಟ್ಟಿತ್ತು. ಯಂತ್ರ ಬರೆದ ಬರಹಗಳಲ್ಲಿ 26 ಪ್ರತಿಶತವನ್ನಷ್ಟೇ ಅದು ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ 9 ಪ್ರತಿಶತವನ್ನು ಯಂತ್ರದ್ದು ಎನ್ನುತ್ತಿತ್ತು. ಅದೂ ಇಂಗ್ಲಿಷಿನಲ್ಲಿ. ಆರು ತಿಂಗಳಾಗುವಷ್ಟರಲ್ಲಿ, ಅದೇ ಜುಲೈಯಲ್ಲಿ, ನಿಖರತೆ ಸಾಲದೆಂದು ಅವರೇ ಮುಚ್ಚಿದರು. ಕನ್ನಡದ ಗತಿ ನೀವೇ ಊಹಿಸಿ.

ಚಂಡೆ–ಮದ್ದಳೆ · ಮಧ್ಯಾಹ್ನ 3:31

ಆಮೇಲೆ ಮಗ ಒಂದು ಮಾತು ಹೇಳಿದ, ಇಲ್ಲಿ ಹೊಂದುತ್ತದೆ. ಬಾಟ್ ಎಂದರೆ ಪ್ರಸಂಗ ಓದದೆ ಅರ್ಥ ಹೇಳಲು ಕುಳಿತ ಅರ್ಥಧಾರಿಯಂತೆ. ಮಾತು ಎಲ್ಲಿಯೂ ತಡವರಿಸುವುದಿಲ್ಲ. ಕರ್ಣನನ್ನು ಪಾಂಡವರ ಪಾಳೆಯದಲ್ಲಿ ಕೂರಿಸಿದರೂ ತಡವರಿಸುವುದಿಲ್ಲ. ಭಾಗವತರು ಎಚ್ಚರವಾಗಿದ್ದು ಮುಂದಿನ ಪದ್ಯ ಎತ್ತಬೇಕು, ಅಷ್ಟೇ.

ನಿವೃತ್ತ ಮಾಸ್ತರ · ಮಧ್ಯಾಹ್ನ 3:40

ಮಗನಿಗೆ ನನ್ನ ಆಶೀರ್ವಾದ. ಭಾಗವತರಿಗೆ ಪ್ರಸಂಗ ಕಂಠಪಾಠ ಇರಬೇಕಲ್ಲ. ನಮ್ಮ ಅಕ್ಕೋರಿಗೆ ಭೂಗೋಳ ಅವರ ವಿಷಯವೇ ಅಲ್ಲ, ಅದೇ ಫಜೀತಿ.

ಪಾಲಕ, ದಾಂಡೇಲಿ · ಸಂಜೆ 5:10

ಎಲ್ಲರೂ ಅಕ್ಕೋರಿಗೆ ಸಮಾಧಾನ ಹೇಳುತ್ತಿದ್ದೀರಿ. ನಾನು ಹೇಳುವುದಿಲ್ಲ. ಸಂಬಳ ತೆಗೆದುಕೊಳ್ಳುವವರು ಎರಡು ಪುಟದ ಹಾಳೆಯನ್ನು ಸ್ವಂತ ತಲೆಯಿಂದ ಬರೆಯಲಾಗದಿದ್ದರೆ ಹೇಗೆ? ಸಾಲುಸಾಲಾಗಿ ಓದಿದ್ದರೆ ‘ವಸಂತ’ ಅಲ್ಲೇ ಕಣ್ಣಿಗೆ ಚುಚ್ಚುತ್ತಿತ್ತು.

ಕುಮಟೆಯ ಅಕ್ಕೋರು · ಸಂಜೆ 6:25

ಸರಿ, ಬೈಸಿಕೊಳ್ಳುತ್ತೇನೆ. ಸಾಲುಸಾಲಾಗಿ ಓದಲಿಲ್ಲ, ಅದು ನಿಜ.

ಆದರೆ ಬುಧವಾರ ನಾನು ಏನೇನು ಮಾಡಿದೆ ಎಂದೂ ಕೇಳಿ. ಬೆಳಿಗ್ಗೆ ಹಾಲಿನ ಲೆಕ್ಕ. ಆಮೇಲೆ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂಬ ಲೆಕ್ಕ. ಐದು ಅವಧಿ ಪಾಠ, ಅದರಲ್ಲಿ ಎರಡು ನನ್ನದಲ್ಲದ ವಿಷಯ. ಎಸ್‌ಎಟಿಎಸ್‌ನಲ್ಲಿ (ಮಕ್ಕಳ ದಾಖಲೆಯ ಸರ್ಕಾರಿ ಜಾಲತಾಣ) ಒಬ್ಬ ಹುಡುಗಿಯ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದುತ್ತಿಲ್ಲವೆಂದು ಅವಳ ತಂದೆಗೆ ಮೂರು ಸಲ ಫೋನ್, ಅವರು ದೋಣಿಯ ಮೇಲಿದ್ದರು. ಸಂಜೆ ಕೊನೆಯ ಬಸ್ಸು. ನಾನು ಯಂತ್ರಕ್ಕೆ ಕೊಡಬೇಕಾದದ್ದು ಈ ಲೆಕ್ಕಗಳನ್ನು, ಪಾಠವನ್ನಲ್ಲ. ಆದರೆ ಲೆಕ್ಕ ತಪ್ಪಿದರೆ ನೋಟಿಸು ಬರುತ್ತದೆ. ಪಾಠ ತಪ್ಪಿದರೆ ಬರುವುದಿಲ್ಲ. ಹಾಗಾಗಿ ಲೆಕ್ಕವನ್ನು ನಾನೇ ಮಾಡಿ ಪಾಠವನ್ನು ಅದಕ್ಕೆ ಕೊಟ್ಟೆ.

ಈಗ ಟೈಪ್ ಮಾಡುವಾಗ ಇದು ಎಷ್ಟು ತಲೆಕೆಳಗು ಎಂದು ನನಗೇ ಕಾಣುತ್ತಿದೆ.

ಪಾಲಕ, ದಾಂಡೇಲಿ · ಸಂಜೆ 6:50

ಮಾತು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ತಗ್ಗಿಸುತ್ತೇನೆ.

ಜೋಯಿಡಾದ ಒಂಟಿ ಮಾಸ್ತರ · ರಾತ್ರಿ 7:30

ಅಕ್ಕೋರೆ, ಆಧಾರ್ ಎಂದಿರಲ್ಲ, ಒಂದು ಎಚ್ಚರಿಕೆ. ನಾನೂ ಮೊದಲು ಮಕ್ಕಳ ಹೆಸರು, ಅಂಕಗಳ ಪಟ್ಟಿಯ ಫೋಟೋ ತೆಗೆದು ಬಾಟ್‌ಗೆ ಹಾಕಿ ‘ಯಾರು ಎಲ್ಲಿ ಹಿಂದಿದ್ದಾರೆ ಹೇಳು’ ಎಂದಿದ್ದೆ. ತಿಳಿದ ಸ್ನೇಹಿತರೊಬ್ಬರು ಬೈದರು. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ಪಾಲಕರ ಒಪ್ಪಿಗೆ ಬೇಕು. ಈಗ ಹೆಸರಿನ ಬದಲು ಹಲಸು, ಮಾವು, ಮುರುಗಲು ಎಂದು ಬರೆಯುತ್ತೇನೆ. ‘ಮುರುಗಲಿಗೆ ಭಾಗಾಕಾರ ಬರುವುದಿಲ್ಲ’ ಎಂದು ಉತ್ತರ ಬರುತ್ತದೆ.

ಸುಮ್ಮನೆ ಓದುವವ · ರಾತ್ರಿ 7:33

ಅಪ್ಪೆಮಿಡಿ ಎಂದು ಯಾರಿಗೆ ಹೆಸರಿಟ್ಟಿದ್ದೀರಿ?

ಜೋಯಿಡಾದ ಒಂಟಿ ಮಾಸ್ತರ · ರಾತ್ರಿ 7:35

ಒಂದನೆಯ ತರಗತಿಯ ಅತಿ ಚಿಕ್ಕವಳಿಗೆ.

ಗಜನಿ ಗದ್ದೆ · ರಾತ್ರಿ 8:10

ನನ್ನದೊಂದು ಅನುಭವ. ನಮ್ಮ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಕಗ್ಗ ಭತ್ತದ ಬಗ್ಗೆ ಕೇಳಿದೆ. ಕಗ್ಗ ಎಂದರೆ ಏನು, ಹೇಗೆ ಬೆಳೆಯುತ್ತಾರೆ ಎಂದು. ನಾನು ಕೇಳಿದ್ದು ಭತ್ತದ ಕಗ್ಗ, ಅದು ಕೊಟ್ಟಿದ್ದು ತಿಮ್ಮನ ಕಗ್ಗ. ಜೀವನದ ನಶ್ವರತೆಯ ಮೇಲೆ ಎರಡು ಪ್ಯಾರಾ. ಉಪ್ಪುನೀರು ತಡೆಯುವ ಭತ್ತ ಎಂದು ಬಿಡಿಸಿ ಹೇಳಿದ ಮೇಲೆ ಕೇರಳದ ಪೊಕ್ಕಾಳಿಯನ್ನು ಸೊಗಸಾಗಿ ವಿವರಿಸಿತು. ಅಘನಾಶಿನಿಯ ಹಿನ್ನೀರಿನಲ್ಲಿ ಬೆಳೆ ಮುಳುಗಿದರೂ ಕೊಳೆಯದೆ ನಿಲ್ಲುವ, ಗೊಬ್ಬರವನ್ನೇ ಕೇಳದ ನಮ್ಮ ಭತ್ತ ಅದಕ್ಕೆ ಗೊತ್ತೇ ಇರಲಿಲ್ಲ.

ಕುಮಟೆಯ ಅಕ್ಕೋರು · ರಾತ್ರಿ 8:14

ಅಯ್ಯೋ.

ಗಜನಿ ಗದ್ದೆ · ರಾತ್ರಿ 8:15

ಏನಾಯಿತು?

ಕುಮಟೆಯ ಅಕ್ಕೋರು · ರಾತ್ರಿ 8:16

ಏನಿಲ್ಲ. ನಾಳೆ ನೋಡಿ ಹೇಳುತ್ತೇನೆ.

ಖಗೋಳ ಹುಚ್ಚು · ರಾತ್ರಿ 9:45

ತಡವಾಗಿ ಬಂದೆ. ಯಂತ್ರದ ಪರವಾಗಿ ಒಂದೇ ಒಂದು ಮಾತು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ, ಹುಣ್ಣಿಮೆ–ಅಮಾವಾಸ್ಯೆಯ ಉಬ್ಬರ ಸಾಮಾನ್ಯವಾಗಿ ಇನ್ನಷ್ಟು ದೊಡ್ಡದಿರುತ್ತದೆ. ಆ ಲೆಕ್ಕದಲ್ಲಿ ವಸಂತದಲ್ಲಿ ನೀರು ಹೆಚ್ಚು ಏರುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ.

ಗಜನಿ ಗದ್ದೆ · ರಾತ್ರಿ 9:52

ಸೆಪ್ಟೆಂಬರ್ ಯಾವ ವಸಂತ?

ಖಗೋಳ ಹುಚ್ಚು · ರಾತ್ರಿ 9:54

ಆಸ್ಟ್ರೇಲಿಯಾದ್ದು.

ಗಜನಿ ಗದ್ದೆ · ರಾತ್ರಿ 9:55

ಹಾಗಾದರೆ ಬಳಚು ಆರಿಸಲು ಅಲ್ಲಿಗೇ ಹೋಗಿ.

ಅಂಕೋಲೆಯ ಅಮ್ಮ · ಮಂಗಳವಾರ, ಬೆಳಿಗ್ಗೆ 7:20

ಮಗಳನ್ನು ಕೂರಿಸಿಕೊಂಡು ಪ್ರಬಂಧ ಮತ್ತೆ ಬರೆಸಿದೆ. ಪಕ್ಕದ ಮನೆಯ ಅಜ್ಜನ ಬಳಿಗೆ ಕಳಿಸಿದೆ, ಅವರ ತಂದೆ ಕರನಿರಾಕರಣೆಯಲ್ಲಿ ಜೈಲು ಕಂಡವರು. ಎರಡು ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ ಅಜ್ಜ ಮಾತಾಡುತ್ತಿದ್ದಾರೆ, ಇವಳು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುತ್ತಿದ್ದಾಳೆ. ‘ಇದನ್ನು ಬಾಟ್‌ಗೆ ಹಾಕಿ ಪ್ರಬಂಧ ಮಾಡಿಸುತ್ತೇನೆ’ ಎಂದಳು. ಬೈಯಬೇಕೋ ಮೆಚ್ಚಬೇಕೋ ತಿಳಿಯಲಿಲ್ಲ.

ಕಾಳಿ ದಂಡೆ · ಬೆಳಿಗ್ಗೆ 7:45

ಧ್ವನಿಮುದ್ರಣ ಉಳಿಸಿಕೊಳ್ಳಿ. ಪ್ರಬಂಧ ಯಾರು ಬೇಕಾದರೂ ಬರೆಯಲಿ.

ಕುಮಟೆಯ ಅಕ್ಕೋರು · ಸಂಜೆ 5:40

ಹೇಳಿದೆ.

ಮೊದಲ ಅವಧಿಯಲ್ಲೇ ಹೇಳಿದೆ. ‘ಹೋದ ವಾರದ್ದು ಮುದ್ರಣ ದೋಷವಲ್ಲ. ಹಾಳೆಯನ್ನು ನಾನು ಬರೆದಿರಲಿಲ್ಲ, ಚಾಟ್‌ಬಾಟ್ ಬರೆದಿತ್ತು, ನಾನು ಸರಿಯಾಗಿ ಓದಿರಲಿಲ್ಲ.’ ಇಡೀ ರಾತ್ರಿ ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಮೂರೇ ವಾಕ್ಯದಲ್ಲಿ ಮುಗಿಯಿತು. ಯಾರಿಗೂ ಆಘಾತವಾಗಲಿಲ್ಲ. ಮುಂದಿನ ಬೆಂಚಿನವಳು ‘ನಮಗೆ ಅವತ್ತೇ ಗೊತ್ತಿತ್ತು, ಅಕ್ಕೋರೆ. ನೀವು “ಗಮನಾರ್ಹವಾಗಿ” ಎಂದು ಯಾವತ್ತೂ ಬರೆಯುವುದಿಲ್ಲ’ ಎಂದಳು.

ಆ ಹುಡುಗ ಮಾತ್ರ ನಗಲಿಲ್ಲ. ಎದ್ದು ನಿಂತು ಕೇಳಿದ, ‘ಹೋದ ತಿಂಗಳ ಕಿರುಪರೀಕ್ಷೆಯ ಪ್ರಶ್ನೆಯನ್ನೂ ಅದೇ ಮಾಡಿತ್ತೇ?’

ಹೌದು, ಮಾಡಿತ್ತು. ನಿನ್ನೆ ರಾತ್ರಿ ಗಜನಿ ಗದ್ದೆಯವರು ಬರೆದದ್ದನ್ನು ಓದಿ ನಾನು ‘ಅಯ್ಯೋ’ ಎಂದದ್ದು ಅದಕ್ಕೇ. ಸರಿ–ತಪ್ಪು ಗುರುತಿಸಿ ಎಂಬ ಭಾಗದಲ್ಲಿ ‘ಭತ್ತವು ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವುದಿಲ್ಲ’ ಎಂದಿತ್ತು. ಯಂತ್ರ ಕೊಟ್ಟ ಉತ್ತರ ‘ಸರಿ’. ಅವನು ‘ತಪ್ಪು’ ಎಂದು ಬರೆದಿದ್ದ. ಅವರ ಮನೆಯಲ್ಲೇ ಕಗ್ಗ ಬೆಳೆಯುತ್ತಾರೆ. ನಾನು ಕೆಂಪು ಮಸಿಯಲ್ಲಿ ಅಡ್ಡ ಗೀಟು ಹಾಕಿ ಎರಡು ಅಂಕ ಕಳೆದಿದ್ದೆ. ಅವನು ಆ ದಿನ ಏನೂ ಕೇಳಿರಲಿಲ್ಲ. ಅಕ್ಕೋರು ಹಾಕಿದ ಗೀಟು ಎಂದು ಸುಮ್ಮನಾಗಿದ್ದ.

ಎಲ್ಲ ಪತ್ರಿಕೆ ಹೊರತೆಗೆದು ಈಗ ಕುಳಿತಿದ್ದೇನೆ. ಆರು ಮಕ್ಕಳು ‘ತಪ್ಪು’ ಎಂದು ಬರೆದಿದ್ದಾರೆ. ಅವರಿಗೆ ಎರಡೆರಡು ಅಂಕ ಕೊಟ್ಟೆ. ಇನ್ನಿಬ್ಬರು ಮೊದಲು ‘ತಪ್ಪು’ ಎಂದು ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ ‘ಸರಿ’ ಎಂದು ಬರೆದಿದ್ದಾರೆ. ಇಬ್ಬರದ್ದೂ ದಂಡೆಯ ಮನೆಗಳೇ. ಅವರಿಗೆ ಏನು ಮಾಡಲಿ?

ಲೆಕ್ಕದ ಮೇಡಂ · ಸಂಜೆ 5:52

ಕೊನೆಯ ಉತ್ತರವೇ ಉತ್ತರ. ಸೊನ್ನೆ. ನಿಯಮ ನಿಯಮವೇ.

ಗಜನಿ ಗದ್ದೆ · ಸಂಜೆ 5:55

ಎರಡೂ ಅಂಕ ಕೊಡಿ. ಗೊತ್ತಿದ್ದನ್ನು ಹೊಡೆಯುವಂತೆ ಮಾಡಿದ್ದು ಪ್ರಶ್ನೆಪತ್ರಿಕೆ.

ಪಾಲಕ, ದಾಂಡೇಲಿ · ಸಂಜೆ 5:58

ಒಂದು.

ಸುಮ್ಮನೆ ಓದುವವ · ಸಂಜೆ 6:01

ಬಾಟ್‌ಗೆ ಕೇಳಿ ನೋಡಿ.

ನಿವೃತ್ತ ಮಾಸ್ತರ · ಸಂಜೆ 6:20

ಹೊಡೆದದ್ದು ಒಂದು ಗೆರೆಯೋ, ಕೆಳಗಿನ ಅಕ್ಷರವೇ ಕಾಣದಂತೆ ಗೀಚಿದ್ದಾರೋ? ಮೊದಲು ಅದನ್ನು ಹೇಳಿ.